ಹಕ್ಕಿನ ಕಾಯ್ದೆ ಕಚೇರಿಯ ಮೆಟ್ಟಿಲು ಹತ್ತಬೇಕಾದರೆ

ವಿಕಲಚೇತನರ ಹಕ್ಕಿನಂಥ ಕಾಯ್ದೆಯೊಂದು ಬಂತೆಂದರೆ ಇಲಾಖೆಗಳಿಗೆ ಮೊದಲು ಹೊಳೆಯುವುದು ಕಾರ್ಯಾಗಾರ. ಮಣಿಪಾಲದಲ್ಲೋ ಮಂಗಳೂರಿನಲ್ಲೋ ಒಂದು ದಿನದ ಸಭೆ ನಡೆಯುತ್ತದೆ, ಅಧಿಕಾರಿಗಳು ಹೋಗಿ ಬರುತ್ತಾರೆ. ಜನರನ್ನು ಎದುರಿಸುವ ಅಟೆಂಡರ್, ಡಾಟಾ ಎಂಟ್ರಿ ಆಪರೇಟರ್, ಗೇಟಿನ ಸೆಕ್ಯೂರಿಟಿಯವರನ್ನು ಯಾರೂ ಕರೆದಿರುವುದಿಲ್ಲ. ತರಬೇತಿ ಶುರುವಾಗಬೇಕಾದ್ದು ಇವರಿಂದಲೇ.

ವಿಕಲಚೇತನರ ಹಕ್ಕುಗಳ ಕಾಯ್ದೆ 2016 ಜಾರಿಗೆ ಬಂದದ್ದು 2017ರ ಏಪ್ರಿಲ್ 19ರಂದು. 7 ಇದ್ದ ವೈಕಲ್ಯಗಳ ಪಟ್ಟಿ 21 ಆಯಿತು. ಹಳೆಯ ಸರ್ಕಾರಿ ಕಟ್ಟಡಗಳನ್ನು ಸರಿಪಡಿಸಲು ಕೊಟ್ಟ 5 ವರ್ಷದ ಗಡುವು 2022ರ ಜೂನ್‌ಗೆ ಮುಗಿಯಿತು. ಆದರೂ ನಮ್ಮ ಕಡೆ ಎಷ್ಟೋ ಪಂಚಾಯತ್ ಕಚೇರಿಗಳಿಗೆ ವೀಲ್‌ಚೇರ್ ಹೋಗುವುದಿಲ್ಲ.

ಲೆಕ್ಕ ನೋಡಿ. ರ‍್ಯಾಂಪಿನ ಇಳಿಜಾರು 1:12 ಇರಬೇಕು, ಅಂದರೆ ಎತ್ತರದ 12 ಪಟ್ಟು ಉದ್ದ. ಕರಾವಳಿಯ ಮಳೆಗೆ ಹೆದರಿ ಕೆಂಪುಕಲ್ಲಿನ ಪಂಚಾಂಗ ಎತ್ತರಿಸಿಯೇ ಕಟ್ಟುತ್ತೇವೆ. ತಲಾ 15 ಸೆಂ.ಮೀ.ನ 3 ಮೆಟ್ಟಿಲಿದ್ದರೆ ಎತ್ತರ 45 ಸೆಂ.ಮೀ., ರ‍್ಯಾಂಪ್ 5.4 ಮೀಟರ್. ಮೇಲೆ ಕೆಳಗೆ ಒಂದೂವರೆ ಮೀಟರ್ ಸಮತಟ್ಟು ಜಾಗ ಬೇರೆ. ಅಂಗಳ ಸಾಲದು ಎಂದು ಕಂಟ್ರಾಕ್ಟರು 2 ಮೀಟರಿಗೇ ಮುಗಿಸುತ್ತಾರೆ. ಅದನ್ನು ಹತ್ತುವ ಗಾಲಿಕುರ್ಚಿ ಹಿಂದಕ್ಕೆ ಮಗುಚುತ್ತದೆ. ಜಾಗ ಕಡಿಮೆಯಿದ್ದರೆ ರ‍್ಯಾಂಪನ್ನು ತಿರುವು ಕೊಟ್ಟು ಎರಡು ಹಂತ ಮಾಡಿ, ಗಿಡ್ಡ ಮಾಡಬೇಡಿ. ನುಣುಪು ಟೈಲ್ಸ್ ಖಂಡಿತ ಬೇಡ: ಆಟಿ ತಿಂಗಳ ಮಳೆಗೆ ಪಾಚಿ ಕಟ್ಟಿದರೆ ನಡೆಯುವವರೂ ಜಾರುತ್ತಾರೆ. ಗೀರು ಎಳೆದ ಒರಟು ಕಾಂಕ್ರೀಟ್, ಎರಡೂ ಬದಿ ಕೈಹಿಡಿ ಇರಲಿ. ಈ ಅಳತೆಗಳು ಎಸ್ಟಿಮೇಟ್ ಬರೆಯುವಾಗಲೇ ಬರಬೇಕು, ಬಿಲ್ ಪಾಸಾದ ಮೇಲೆ ಒಡೆದು ಕಟ್ಟಲು ಯಾರೂ ದುಡ್ಡು ಕೊಡುವುದಿಲ್ಲ. ವಿಕಲಚೇತನರ ಸುಗಮ ಪ್ರವೇಶದ ಮಾನದಂಡ ಬರೀ ಸಲಹೆಯಾಗಿದ್ದರೆ ಸಾಲದು, ಕಡ್ಡಾಯವಾಗಬೇಕು ಎಂದು ಸುಪ್ರೀಂ ಕೋರ್ಟ್ 2024ರ ನವೆಂಬರಿನಲ್ಲಿ ಹೇಳಿದೆ.

ಕಣ್ಣಿಗೆ ಕಾಣದ ಮೆಟ್ಟಿಲೂ ಒಂದಿದೆ. ನುಡಿ ತಂತ್ರಾಂಶದ ಹಳೆಯ ಫಾಂಟಿನಲ್ಲಿ ಟೈಪಿಸಿ, ಪ್ರಿಂಟ್ ತೆಗೆದು, ಸ್ಕ್ಯಾನ್ ಮಾಡಿ ಹಾಕಿದ ಸುತ್ತೋಲೆ ಪರದೆಯ ಬರಹ ಓದಿ ಹೇಳುವ ಸ್ಕ್ರೀನ್ ರೀಡರ್‌ಗೆ ಬರೀ ಚಿತ್ರ. ದೃಷ್ಟಿದೋಷವಿರುವವರಿಗೆ ಅದು ಖಾಲಿ ಹಾಳೆ. ಯೂನಿಕೋಡ್‌ನಲ್ಲಿ ಟೈಪಿಸಿ ಹಾಗೆಯೇ ಪಿಡಿಎಫ್ ಮಾಡಿದರೆ ಸಾಮಾನ್ಯವಾಗಿ ಓದುತ್ತದೆ. ಖರ್ಚು ಒಂದು ಪೈಸೆ ಇಲ್ಲ.

ನನ್ನ ಮಟ್ಟಿಗೆ ಎಲ್ಲಕ್ಕಿಂತ ಮುಖ್ಯವಾದದ್ದು 23ನೇ ಸೆಕ್ಷನ್. ಪ್ರತಿ ಸರ್ಕಾರಿ ಕಚೇರಿಯೂ ಕುಂದುಕೊರತೆ ಅಧಿಕಾರಿಯನ್ನು ನೇಮಿಸಬೇಕು, ಉದ್ಯೋಗದಲ್ಲಿನ ತಾರತಮ್ಯದ ದೂರಿಗೆ ರಿಜಿಸ್ಟರ್ ಇಡಬೇಕು, ದಾಖಲಾದ 2 ವಾರದೊಳಗೆ ವಿಚಾರಣೆ ಮಾಡಬೇಕು. ತಪ್ಪುವುದು ಎರಡು ಕಡೆ. ಆದೇಶದಲ್ಲಿ ಹೆಸರು ಬರೆಯುತ್ತಾರೆ. ವರ್ಗಾವಣೆಯಾದ ಮೇಲೂ ಬೋರ್ಡಿನಲ್ಲಿ ಅದೇ ಹೆಸರು. ಹಾಗಾಗಿ ಹುದ್ದೆಯನ್ನೇ ನೇಮಿಸಿ. ಎರಡನೆಯದು, ದೂರು ಎಲ್ಲ ಟಪಾಲಿನ ಜೊತೆ ಇನ್‌ವರ್ಡ್ ಪುಸ್ತಕಕ್ಕೆ ಹೋಗುತ್ತದೆ, ಅಲ್ಲಿ ದಿನ ಎಣಿಸುವವರಿಲ್ಲ. ಬೇರೆಯೇ ಪುಸ್ತಕ ಇಟ್ಟು 'ಗಡುವು ದಿನಾಂಕ' ಎಂಬ ಒಂದು ಕಾಲಂ ಎಳೆಯಿರಿ. ತೃಪ್ತಿಯಾಗದಿದ್ದರೆ ಜಿಲ್ಲಾ ಸಮಿತಿಗೆ ಹೋಗಬಹುದು ಎಂದು ದೂರುದಾರರಿಗೆ ಕೊಡುವ ಹಿಂಬರಹದಲ್ಲೇ ತಿಳಿಸಿ.

ನಿಮ್ಮ ಪಂಚಾಯತ್ ತಯಾರಾಗಿದೆಯೇ ಎಂದು ತಿಳಿಯಬೇಕಾದರೆ ಪಿಡಿಒ ಅವರ ಹತ್ತಿರ ಆ ಪುಸ್ತಕ ಕೇಳಿ ನೋಡಿ.