ತುಕ್ಕು ಶಿಲೀಂಧ್ರದ ಮುಳ್ಳುಗಳು ಎಲೆಯನ್ನು ಚುಚ್ಚುವುದಿಲ್ಲ

ತುಕ್ಕು ರೋಗದ ಬೀಜಾಣುಗಳು ಮೈಮೇಲಿನ ಮುಳ್ಳುಗಳಿಂದ ಎಲೆಯನ್ನು ಚುಚ್ಚಿ ಒಳನುಗ್ಗುತ್ತವೆ ಎಂಬ ವಿವರಣೆಯೊಂದು ಸೂಕ್ಷ್ಮದರ್ಶಕದ ಚಿತ್ರದೊಂದಿಗೆ ಹರಿದಾಡುತ್ತಿದೆ. ಮುಳ್ಳುಗಳು ನಿಜ, ವಿವರಣೆ ತಪ್ಪು. ಗೋಧಿಯ ಕಾಂಡತುಕ್ಕಿಗೆ ಕಾರಣವಾದ ಪಕ್ಸೀನಿಯಾ ಗ್ರಾಮಿನಿಸ್‌ನಲ್ಲಿ, ಮುಳ್ಳುಮೈಯ ಯುರೆಡಿನಿಯೋಸ್ಪೋರ್ (ಗೋಧಿಯಿಂದ ಗೋಧಿಗೆ ರೋಗ ಹರಡುವ ಬೀಜಾಣು) ತೇವದಲ್ಲಿ ಮೊಳೆತ ಮೇಲೆ ಅದರ ಮೊಳಕೆನಾಳವು ಎಲೆಯ ಮೇಲ್ಮೈಯಲ್ಲಿ ಬೆಳೆಯುತ್ತ ಪತ್ರರಂಧ್ರವನ್ನು ತಲುಪಿ, ಅದರ ಮೂಲಕವೇ ಒಳಗಿಳಿಯುತ್ತದೆ. ಬೀಜಾಣುವಿನ ಗೋಡೆಯ ಮುಳ್ಳುಗಳು ಹೊರಗೇ ಉಳಿಯುತ್ತವೆ. ಇದೇ ಶಿಲೀಂಧ್ರದ ಇನ್ನೊಂದು ಬಗೆಯ ಬೀಜಾಣುವಾದ ಬೆಸಿಡಿಯೋಸ್ಪೋರ್‌ನಿಂದ ಹೊರಟ ನಾಳವು, ಶಿಲೀಂಧ್ರ ಆಶ್ರಯಿಸುವ ಇನ್ನೊಂದು ಗಿಡವಾದ ಬಾರ್ಬೆರಿಯ ಎಲೆಯ ಹೊರಚರ್ಮವನ್ನು ನೇರವಾಗಿ ಭೇದಿಸುತ್ತದೆ, ಆದರೆ ಆ ಬೀಜಾಣುವಿನ ಮೈ ನುಣುಪಾಗಿರುತ್ತದೆ. ಹರಿದಾಡುತ್ತಿರುವ ವಾದವನ್ನು ಅಲ್ಲಗಳೆಯಲು, ನನ್ನ ದೃಷ್ಟಿಯಲ್ಲಿ, ಈ ಒಂದು ಸಂಗತಿಯೇ ಸಾಕು. ಬೀಜಾಣುವಿನ ಮೇಲ್ಮೈಯ ಅಲಂಕರಣ, ಅಂದರೆ ಮುಳ್ಳುಗಳಂಥ ರಚನೆ, ನಿಜವಾಗಿ ನೆರವಾಗುವುದು ಪ್ರಭೇದಗಳನ್ನು ಗುರುತಿಸುವಲ್ಲಿ: ಕಾಫಿ ತುಕ್ಕಿನ ಹೆಮಿಲಿಯಾ ವಾಸ್ಟಾಟ್ರಿಕ್ಸ್‌ನ ಯುರೆಡಿನಿಯೋಸ್ಪೋರ್‌ನಲ್ಲಿ ಉಬ್ಬಿದ ಬೆನ್ನಿನ ಮೇಲೆ ಮಾತ್ರ ಮುಳ್ಳುಗಳಿದ್ದು, ಇನ್ನೊಂದು ಬದಿ ನುಣುಪಾಗಿರುತ್ತದೆ.