ಲಂಡನ್–ನ್ಯೂಯಾರ್ಕ್ ಬರೀ 3 ಗಂಟೆಯ ಹಾರಾಟವಲ್ಲ

"ಲಂಡನ್‌ನಿಂದ ನ್ಯೂಯಾರ್ಕ್‌ಗೆ 3 ಗಂಟೆ ಸಾಕು. ಭೂಮಿ ಪೂರ್ವಕ್ಕೆ ತಿರುಗುವುದರಿಂದ ಊರೇ ವಿಮಾನದ ಎದುರಿಗೆ ಬರುತ್ತದೆ" ಎಂಬ ಸಂದೇಶ ಹರಿದಾಡುತ್ತಿದೆ. ಜೊತೆಗೊಂದು ಟಿಕೆಟ್: ಬೆಳಿಗ್ಗೆ 11ಕ್ಕೆ ಹೊರಟು ಮಧ್ಯಾಹ್ನ 2ಕ್ಕೆ ತಲುಪುವುದು. ಇದು ತಪ್ಪು.

ಟಿಕೆಟ್‌ನಲ್ಲಿ ಆಯಾ ಊರಿನ ಸಮಯ ಇರುತ್ತದೆ. ನ್ಯೂಯಾರ್ಕ್ ಗಡಿಯಾರ ಲಂಡನ್‌ಗಿಂತ ಸಾಮಾನ್ಯವಾಗಿ 5 ಗಂಟೆ ಹಿಂದೆ. ಅದನ್ನು ಸೇರಿಸಿದರೆ ಹಾರಾಟ 8 ಗಂಟೆ ಆಯಿತು, ಅಲ್ವಾ? ದೂರವೇ ಸುಮಾರು 5,550 ಕಿಲೋಮೀಟರ್. ಗಂಟೆಗೆ 900 ಕಿಲೋಮೀಟರ್ ವೇಗದ ವಿಮಾನ 3 ಗಂಟೆಯಲ್ಲಿ ಅರ್ಧ ದಾರಿ ದಾಟುವುದೇ ಹೆಚ್ಚು.

ಇನ್ನು ಭೂಮಿಯ ಮಾತು. ಭೂಮಿ ತಿರುಗುವಾಗ ಸುತ್ತಲಿನ ಗಾಳಿಯೂ ಜೊತೆಯಲ್ಲೇ ತಿರುಗುತ್ತದೆ. ವಿಮಾನ ಹಾರುವುದು ಆ ಗಾಳಿಯೊಳಗೇ. ಓಡುವ ರೈಲಿನಲ್ಲಿ ಮೇಲಕ್ಕೆ ಜಿಗಿದರೆ ಅದೇ ಜಾಗದಲ್ಲಿ ಇಳಿಯುತ್ತೇವೆ, ಇದೂ ಹಾಗೆಯೇ.

ನಿಜ ಹೇಳಬೇಕೆಂದರೆ ಪಶ್ಚಿಮಕ್ಕೆ ಹೋಗುವಾಗಲೇ ಸಮಯ ಜಾಸ್ತಿ. ಸುಮಾರು 10 ಕಿಲೋಮೀಟರ್ ಎತ್ತರದಲ್ಲಿ ಜೆಟ್ ಸ್ಟ್ರೀಮ್ ಎಂಬ ಬಿರುಗಾಳಿ ಪಶ್ಚಿಮದಿಂದ ಪೂರ್ವಕ್ಕೆ ಬೀಸುತ್ತದೆ. ನ್ಯೂಯಾರ್ಕ್‌ಗೆ ಹೋಗುವವರಿಗೆ ಅದು ಎದುರು ಗಾಳಿ, ಲಂಡನ್‌ಗೆ ಬರುವವರಿಗೆ ಹಿಂದಿನಿಂದ ತಳ್ಳುವ ಗಾಳಿ. ಹಾಗಾಗಿ ಬರುವಾಗ ಸಾಮಾನ್ಯವಾಗಿ 7 ಗಂಟೆಯ ಆಸುಪಾಸು ಸಾಕು. 2020ರ ಫೆಬ್ರವರಿಯಲ್ಲಿ ಚಂಡಮಾರುತದ ಗಾಳಿ ಸಿಕ್ಕಿ ಬ್ರಿಟಿಷ್ ಏರ್‌ವೇಸ್‌ನ ಬೋಯಿಂಗ್ 747 ವಿಮಾನವೊಂದು ನ್ಯೂಯಾರ್ಕ್‌ನಿಂದ ಲಂಡನ್‌ಗೆ 5 ಗಂಟೆಯೊಳಗೇ ಬಂದಿತ್ತು. ಅದು ಕೂಡ ಗಾಳಿಯ ಬಲವೇ.

ಆ ಸಂದೇಶ ನಂಬಿ ಮುಂದಿನ ವಿಮಾನವನ್ನೋ ಸಭೆಯನ್ನೋ ಗೊತ್ತು ಮಾಡಿಕೊಳ್ಳಬೇಡಿ. ಟಿಕೆಟ್‌ನಲ್ಲಿ 'ಪ್ರಯಾಣದ ಅವಧಿ' ಅಂತ ಬೇರೆಯೇ ಬರೆದಿರುತ್ತಾರೆ, ಅದನ್ನು ನೋಡಿ.