ಸರಕಾರದ ನಿಯಮದಿಂದ ತಾಳೆ ಎಣ್ಣೆ ಪರಿಸರಕ್ಕೆ ಒಳ್ಳೇದಾಗ್ತದಾ?

ಪರ

ಆಗ್ತದೆ, ಸರಕಾರ ಕೈ ಹಾಕಿದ್ರೆ ಮಾತ್ರ ಆಗ್ತದೆ. ಮಲೇಷ್ಯಾದಲ್ಲಿ ಪರಿಸರ ಹಾಳು ಮಾಡದೆ ತಾಳೆ ಬೆಳೆಯುವವ್ರಿಗೆ ಕೊಡುವ ಎಂಎಸ್‌ಪಿಒ ಸರ್ಟಿಫಿಕೇಟ್ 2015ರಲ್ಲಿ ಶುರುವಾದಾಗ ಮನಸ್ಸಿದ್ದವ್ರು ಮಾತ್ರ ತಕ್ಕೊಳ್ತಿದ್ರು, 2020ರಿಂದ ಅದು ಕಡ್ಡಾಯ, ಅದಕ್ಕೂ ಒಂದು ವರ್ಷ ಮೊದ್ಲೇ ತೋಟ ಒಟ್ಟು 65 ಲಕ್ಷ ಹೆಕ್ಟೇರ್ ದಾಟ್ಬಾರ್ದು ಅಂತ ಮಿತಿಯೂ ಬಂತು. ತಾಳೆ ತೋಟಕ್ಕೆ ಅಂತ ಕಾಡು ಕಡಿಯುವವನಿಗೆ ಬುದ್ಧಿ ಹೇಳಿ ಆಗುದಿಲ್ಲ, ಲೈಸೆನ್ಸ್ ಹೋಗ್ತದೆ ಅಂದ್ರೆ ಕೇಳ್ತಾನೆ. ತಾಳೆ ಎಣ್ಣೆಯೇ ಬೇಡ ಅನ್ನುವವ್ರು ಒಂದು ಲೆಕ್ಕ ನೋಡಿ, ಹೆಕ್ಟೇರಿಗೆ ತಾಳೆಯಲ್ಲಿ 3 ಟನ್ನಿಗಿಂತ ಹೆಚ್ಚು ಎಣ್ಣೆ, ಸೋಯಾದಲ್ಲಿ ಅರ್ಧ ಟನ್ ಆಸುಪಾಸು. ಅಷ್ಟೇ ಎಣ್ಣೆಗೆ ಸೋಯಾ ಹಾಕ್ಲಿಕ್ಕೆ ಜಾಗ ಎಲ್ಲಿಂದ, ಇನ್ನೊಂದು ಕಾಡಿಂದಲೇ ಅಲ್ವಾ?

ನಮ್ಮದು ಸುರತ್ಕಲ್ ಹತ್ರ ಬಾಳೆಕಾಯಿ ಚಿಪ್ಸ್, ಖಾರಕಡ್ಡಿ ಮಾಡುವ ಸಣ್ಣ ಘಟಕ. 2022ರ ಏಪ್ರಿಲ್ ಕೊನೆಗೆ ಇಂಡೋನೇಷ್ಯಾ ತಾಳೆ ಎಣ್ಣೆ ರಫ್ತು ನಿಲ್ಲಿಸಿದಾಗ ಟಿನ್ನಿಗೆ ಬೆಳಿಗ್ಗೆ ಒಂದು ರೇಟು, ಸಂಜೆ ಒಂದು ರೇಟು. ಅಮ್ಮ ತೆಂಗಿನೆಣ್ಣೆಯಲ್ಲೇ ಮಾಡುವ ಅಂದ್ರು, ಮಾಡಿದೆವು, ಬಾಣಲೆಗೆ ಬಾಳೆಕಾಯಿ ಬಿದ್ದ ಕೂಡ್ಲೆ ಪರಿಮಳ ರಸ್ತೆವರೆಗೆ, ಚಿಪ್ಸೂ ಒಳ್ಳೆ ಹಳದಿ ಬಣ್ಣ ಬಂದು ಗರಿಗರಿ, ಆದ್ರೆ ಆ ರೇಟಿಗೆ ಅಂಗಡಿಯವ್ರು ಪ್ಯಾಕೆಟ್ ತಕ್ಕೊಳ್ಲಿಲ್ಲ. ಜನರ ಕೈಗೆಟಕುವುದು ತಾಳೆ ಎಣ್ಣೆಯೇ ಅಂದ್ಮೇಲೆ ಬೆಳೆಯುವ ಕ್ರಮ ಸರಿ ಆಗ್ಬೇಕು. ನಮ್ಮ ನವಮಂಗಳೂರು ಬಂದರಿಗೂ ಈ ಎಣ್ಣೆ ಹಡಗಲ್ಲಿ ಬರ್ತದೆ, ಜಗತ್ತಿನಲ್ಲೇ ಅತಿ ಹೆಚ್ಚು ತಾಳೆ ಎಣ್ಣೆ ತರಿಸುವ ದೇಶ ನಮ್ಮದು, ನಾವು ಸರ್ಟಿಫಿಕೇಟ್ ಕೇಳಿದ್ರೆ ಮಾರುವವ್ರು ಕೊಡ್ಲೇಬೇಕು.

ವಿರೋಧ

ಈ ಬದಿ ಬರಿ ಅಂತ ನಂಗೆ ಹೇಳಿದ್ದು, ಪೂರ್ತಿ ವಿರೋಧ ನಂಗೂ ಇಲ್ಲ, ಆದ್ರೆ ಸರಕಾರವನ್ನ ಇಷ್ಟು ನಂಬ್ಲಿಕ್ಕೆ ಆಗುದಿಲ್ಲ. ಇಂಡೋನೇಷ್ಯಾದಲ್ಲಿ ಮಲೇಷ್ಯಾದ್ದರ ಹಾಗೆಯೇ ಐಎಸ್‌ಪಿಒ ನಿಯಮ 2011ರಿಂದ ಉಂಟು, ಆದ್ರೂ 2015ರಲ್ಲಿ ಅಲ್ಲಿನ ಕಾಡು, ಜವುಗು ನೆಲ ಉರಿದು ಹೊಗೆ ಸಿಂಗಾಪುರದವರೆಗೆ ಹೋಯ್ತು. 2018ರಲ್ಲಿ ಹೊಸ ತೋಟಕ್ಕೆ ಪರ್ಮಿಟ್ ನಿಲ್ಲಿಸಿದ್ರು, 2021ರಲ್ಲಿ ಅವಧಿ ಮುಗಿದದ್ದೇ, ಮುಂದುವರಿಸ್ಲಿಲ್ಲ. ಅದೇ ವರ್ಷ ನಮ್ಮಲ್ಲಿ ತಾಳೆ ಬೆಳೆ ಹೆಚ್ಚಿಸ್ಲಿಕ್ಕೆ 11,040 ಕೋಟಿ ರೂಪಾಯಿಯ ಮಿಷನ್ ಬಂತು, ಒತ್ತು ಕೊಟ್ಟದ್ದು ಈಶಾನ್ಯ ರಾಜ್ಯಗಳಿಗೆ, ಅಂಡಮಾನಿಗೆ, ಕಾಡು ಹೆಚ್ಚು ಉಳಿದಿರುವ ಜಾಗ ಅದು!

ಹೆಕ್ಟೇರಿಗೆ ಎಷ್ಟು ಟನ್ ಅನ್ನುವುದು ಕಂಪೆನಿಯವ್ರ ಲೆಕ್ಕ, ಹಾಗೆ ನೋಡಿದ್ರೆ ನಾಳೆ ಚಾರ್ಮಾಡಿ ಘಾಟಿಗೂ ತಾಳೆ ಹಾಕಿ ಅಂತೀರಿ. ಸುಳ್ಯದ ಬದಿಯಲ್ಲಿ ಅಡಿಕೆಗೆ ಹಳದಿ ಎಲೆ ರೋಗ ಬಂದು ಜನ ಬೇರೆ ಬೆಳೆ ಹುಡುಕ್ತಾ ಇದ್ದಾರೆ, ನಮ್ಮ ಭಾವನೂ ತಾಳೆ ಹಾಕುದಾ ಅಂತ ಕೇಳಿದ್ರು. ಬೇಸಗೆಯಲ್ಲಿ ಬೆಳೆದ ಮರಕ್ಕೆ ದಿನಕ್ಕೆ 150–200 ಲೀಟರ್ ನೀರು ಬೇಕು, ಅವರ ತೋಡು ಮಾರ್ಚಿಗೇ ಬತ್ತುತ್ತದೆ. ಗೊನೆ ಕೊಯ್ದ್ರೆ ಒಂದು ದಿನದೊಳಗೆ ಮಿಲ್ಲಿಗೆ ಮುಟ್ಟಿಸ್ಬೇಕು, ಮಿಲ್ಲು ಎಲ್ಲುಂಟು? ಸರ್ಟಿಫಿಕೇಟ್ ಇರ್ಲಿ, ಆದ್ರೆ ಕೊಡುವ ಮೊದ್ಲು ತೋಟಕ್ಕೆ ಹೋಗಿ ನೋಡುವವ್ರು ಸರಕಾರದವರೂ ಅಲ್ಲದ, ಕಂಪೆನಿಯವರೂ ಅಲ್ಲದ ಜನ ಆಗಿರ್ಬೇಕು.